ಹನ್ನೊಂದು ಅಂಕ ಜಾಸ್ತಿ

ಮನೆಯಿಂದ,
ಭಾನುವಾರ ಮಧ್ಯಾಹ್ನ

ಪ್ರೀತಿಯ ಗುಬ್ಬಿ,

ಹೇಗಿದ್ದೀಯ? ಚಿಕ್ಕಮ್ಮನ ಮನೇಲಿ ನಿದ್ದೆ ಸರಿಯಾಗಿ ಬರ್ತಿದೆಯಾ? ಆ ರೂಮಿನ ಕಿಟಕಿ ಪೂರ್ತಿ ಮುಚ್ಚಲ್ಲ, ನಿನಗೆ ಒಂದು ಸಲ ಕಿವಿನೋವು ಶುರುವಾದರೆ ವಾರ ಬಿಡಲ್ಲ, ಹತ್ತಿ ಇಟ್ಟುಕೊಂಡು ಮಲಗು. ಮೊನ್ನೆ ಚಿಕ್ಕಮ್ಮನ ಹತ್ತಿರ ಕೇಳಿದ್ದಕ್ಕೆ, "ಚೆನ್ನಾಗಿದ್ದಾಳೆ, ಊಟ ಮಾಡ್ತಾಳೆ, ಮಾತಾಡಲ್ಲ" ಅಂದಳು. ಮೂರರಲ್ಲಿ ಎರಡು ಸರಿ ಇದೆಯಲ್ಲ ಅಂತ ಫೋನ್ ಇಟ್ಟೆ. ನನ್ನ ಫೋನ್ ನೀನು ಎತ್ತುತ್ತಿಲ್ಲ, ಅದಕ್ಕೇ ಈ ಕಾಗದ.

ಇಲ್ಲಿ ನಾವು ಚೆನ್ನಾಗಿದ್ದೀವಿ. ಅಂದರೆ ಏನೂ ಆಗ್ತಿಲ್ಲ. ವಿಮೆ ಆಫೀಸಿಗೆ ಹೋಗ್ತೀನಿ, ನಜ್ಜುಗುಜ್ಜಾದ ಕಾರುಗಳ ಫೋಟೋ ನೋಡ್ತೀನಿ, ಇಷ್ಟು ಕೊಡಬಹುದು ಅಂತ ಬರೀತೀನಿ, ವಾಪಸ್ ಬರ್ತೀನಿ. ಯಾವ ಬಸ್ಸಿಗೆ ಬಂದೆ ಅಂತ ಕೇಳಿದರೆ ಹೇಳೋಕೆ ಬರಲ್ಲ. ಮೊನ್ನೆ ಕೈ ತೊಳೆಯೋಕೆ ನಲ್ಲಿ ತಿರುಗಿಸಿದವಳು ನಿಮ್ಮಪ್ಪ ಬಂದು ನಿಲ್ಲಿಸೋವರೆಗೂ ಹಾಗೇ ನಿಂತಿದ್ದೆನಂತೆ. "ಏನು ಯೋಚನೆ?" ಅಂದರು. ಏನೂ ಇಲ್ಲ ಅಂದೆ. ನಿಜವಾಗಲೂ ಏನೂ ಇರಲಿಲ್ಲ.

ನಡೆದದ್ದೆಲ್ಲ ನಿನಗೆ ಗೊತ್ತಿರೋದೇ. ಆದರೂ ನನ್ನ ಕಡೆಯಿಂದ ಒಂದು ಸಲ ಹೇಳ್ತೀನಿ, ಕೇಳು. ಮೊದಲ ಸಲ ಆ ಪ್ರವೇಶ ಪರೀಕ್ಷೆಗೆ ಒಬ್ಬಳೇ ಹೋಗಿ, ಕೈ ನಡುಗಿ, ಅರ್ಧಕ್ಕೇ ಎದ್ದು ಬಂದೆಯಲ್ಲ, ಆವತ್ತು ರಾತ್ರಿ ನೀನೇ ಅಂದಿದ್ದು, "ನೀನು ಅದೇ ರೂಮಿನಲ್ಲಿದ್ದರೆ ಇನ್ನೊಂದು ಸಲ ಬರೀತೀನಮ್ಮಾ" ಅಂತ. ಬರೆಯೋರನ್ನ ಬಿಟ್ಟು ಬೇರೆ ಯಾರನ್ನೂ ಒಳಗೆ ಬಿಡಲ್ಲ ಅಂದರು, ಹಾಗಾಗಿ ನಾನೂ ಹೆಸರು ಕೊಟ್ಟೆ. ಕುರ್ಚಿ ಬಿಸಿ ಮಾಡೋಕೆ ಬರ್ತೀನಿ ಅಂತ ಇಬ್ಬರೂ ನಕ್ಕೆವು. ಆಮೇಲೆ ಅಡುಗೆಮನೆ ಮೇಜಿನ ಮೇಲೆ ನಿನ್ನ ಪುಸ್ತಕ ಹರಡಿಕೊಂಡು ನಿನಗೆ ಪ್ರಶ್ನೆ ಕೇಳ್ತಿದ್ದೆ. ಸಂಭವನೀಯತೆಯ ಲೆಕ್ಕ ಹೇಳಿಕೊಟ್ಟಿದ್ದು ನೀನೇ. ನೀನು ಬಾಯಿ ತೆರೆಯೋ ಮೊದಲೇ ನಾನು ಉತ್ತರ ಹೇಳಿಬಿಡ್ತಿದ್ದೆ, ನೀನು "ಪರೀಕ್ಷೆ ಯಾರಿಗಮ್ಮಾ?" ಅಂತ ನನ್ನ ಕೈಯಿಂದ ಪುಸ್ತಕ ಕಿತ್ತುಕೊಳ್ತಿದ್ದೆ. ಚೆನ್ನಾಗಿದ್ವು ಆ ದಿನಗಳು, ಅಲ್ವಾ?

ಪರೀಕ್ಷೆಯ ದಿನ ಬಾಗಿಲಲ್ಲಿ ಜೇಬೆಲ್ಲ ತೆಗೆದು ತೋರಿಸಿ ಅಂದರು. ಮೇಲ್ವಿಚಾರಕಿ ನನ್ನ ಕನ್ನಡಕ ಇಸ್ಕೊಂಡು ಹಿಂದೆ ಮುಂದೆ ನೋಡಿದಳು. ನೀನು ಗೋಡೆ ಪಕ್ಕದ ಸೀಟಿನಲ್ಲಿ ಕೂತೆ, ನಾನು ಕೂತ ಕಡೆಯಿಂದ ನಿನ್ನ ಜಡೆ ಮಾತ್ರ ಕಾಣ್ತಿತ್ತು. ಸ್ವಲ್ಪ ಹೊತ್ತು ಅದನ್ನೇ ನೋಡ್ತಿದ್ದೆ. ಆಮೇಲೆ ಮರೆತೆ ಕಣೇ. ಯಾಕೆ ಬಂದಿದ್ದೀನಿ ಅನ್ನೋದೇ ಮರೆತೆ. ಲೆಕ್ಕ ಬರ್ತಾ ಹೋಯ್ತು, ಮಾಡ್ತಾ ಹೋದೆ. ಮುಗಿದ ಮೇಲೆ, ಅಂಕ ಉಳಿಸಿಕೊಳ್ತೀರಾ, ರದ್ದು ಮಾಡ್ತೀರಾ ಅಂತ ಕಂಪ್ಯೂಟರ್ ಪರದೆ ಕೇಳಿತು. ಉಳಿಸಿ ಅಂತ ಒತ್ತಿದೆ, ಅಂಕ ಅಲ್ಲೇ ಬಂತು. ಯಾವ ವಿಶ್ವವಿದ್ಯಾಲಯಕ್ಕೆ ಕಳಿಸಬೇಕು ಅಂತ ಕೇಳಿತು. ನೀನು ದಿನಾ ಜಪ ಮಾಡ್ತಿದ್ದ ಹೆಸರು ಬಿಟ್ಟು ನನಗೆ ಇನ್ನೊಂದು ಗೊತ್ತಿರಲಿಲ್ಲ. ಅದನ್ನೇ ಒತ್ತಿದೆ.

ನೀನು ಈ ಸಲ ಕೊನೇವರೆಗೂ ಕೂತಿದ್ದೆ. ಬಸ್‌ಸ್ಟಾಪಿನಲ್ಲಿ ನಿನ್ನ ನಗುಮುಖ ನೋಡಿ ನನ್ನ ಹೊಟ್ಟೆ ತಣ್ಣಗಾಯ್ತು. "ನಿಂದೆಷ್ಟು ಬಂತಮ್ಮಾ?" ಅಂತ ನೀನು ಕೇಳಿದೆ. ನೆನಪಿಲ್ಲ ಅಂತ ನಾನು ಅಂದಿದ್ದರೆ ಮುಗಿದುಹೋಗ್ತಿತ್ತು. ಹೇಳಿಬಿಟ್ಟೆ. ನೀನು ಬೆರಳು ಮಡಚಿ ಎಣಿಸಿ, "ನನಗಿಂತ ಹನ್ನೊಂದು ಜಾಸ್ತಿ. ಒಳ್ಳೇದಾಯ್ತು ಬಿಡಮ್ಮಾ" ಅಂದೆ. ಮನೆ ಬರೋವರೆಗೂ ಕಿಟಕಿ ಆಚೆ ನೋಡ್ತಿದ್ದೆ. ಮಾರನೇ ದಿನ ಬ್ಯಾಗು ತಗೊಂಡು ಚಿಕ್ಕಮ್ಮನ ಮನೆಗೆ ಹೊರಟೆ.

ಅಂದಿನಿಂದ ಕಾಯ್ತಿದ್ದೀನಿ, ಸಂಕಟ ಆಗಲಿ, ಇಲ್ಲ ಖುಷಿಯಾದರೂ ಆಗಲಿ ಅಂತ. ಹಲ್ಲಿನ ಡಾಕ್ಟರ್ ಸೂಜಿ ಚುಚ್ಚಿದ ದವಡೆ ಥರ ಇದೆ. ಒತ್ತಿ ನೋಡ್ತೀನಿ, ನನ್ನದೇ ಅಂತ ಗೊತ್ತಾಗುತ್ತೆ, ಅಷ್ಟೇ. ನಿಮ್ಮಪ್ಪ, "ಈ ಮನೇಲಿ ಯಾರಿಗೋ ಒಬ್ಬರಿಗೆ ತಲೆ ಇದೆ ಅಂತ ನನಗೆ ಮೊದಲೇ ಅನುಮಾನ ಇತ್ತು" ಅಂದರು. ನಾನು ನಗಲಿಲ್ಲ ಅಂತ ಅವರೇ ಎದ್ದು ತಟ್ಟೆ ತೊಳೆದರು.

ಚಿಕ್ಕಮ್ಮನಿಗೆ, ಚಿಕ್ಕಪ್ಪನಿಗೆ ಕೇಳಿದೆ ಅಂತ ಹೇಳು. ಅವಳ ಮನೇಲಿ ಕೆಲಸಕ್ಕೆ ಕೈ ಜೋಡಿಸು, ನೆಂಟರ ಹಾಗೆ ಕೂರಬೇಡ. ಇನ್ನು ಮುಂದೆ ಎಲ್ಲೇ ಕೂತರೂ ನಿನ್ನ ಕೈ ನಡುಗದೇ ಇರಲಿ.

ನಿನ್ನ
ಅಮ್ಮ

ಮರೆತು ಬಿಟ್ಟಿದ್ದು: ಮರೆತಿದ್ದೆ ಅಂದರೆ ಸುಳ್ಳಾಗುತ್ತೆ, ಇದನ್ನ ಬರೆಯೋಕೇ ಕೂತಿದ್ದು, ಮೇಲೆ ಎಲ್ಲೂ ಕೈ ಬರಲಿಲ್ಲ. ಆ ವಿಶ್ವವಿದ್ಯಾಲಯದವರು ನನ್ನ ಅಂಕ ನೋಡಿ, ಅರ್ಜಿ ಹಾಕಿ ಅಂತ ನನಗೆ ಬರೆದಿದ್ದರು. ಹಾಕಿದ್ದೀನಿ. ನೀನು ಸೇರಬೇಕು ಅಂದಿದ್ದ ವಿಭಾಗಕ್ಕೇ. ಮನೆಗೆ ಹೋಗಿ ಕಳಿಸ್ತೀನಿ ಅಂದಿದ್ದೆಯಲ್ಲ, ನಿನ್ನ ಅಂಕ ಇನ್ನೂ ಅವರಿಗೆ ಹೋಗಿಲ್ಲ ಅಂತ ಚಿಕ್ಕಮ್ಮ ಹೇಳಿದಳು. ಶುಕ್ರವಾರ ಕೊನೇ ದಿನ. ನಿನ್ನ ಪಾಸ್‌ವರ್ಡ್ ನನಗೆ ಗೊತ್ತು, ಆದರೆ ನಿನ್ನ ಪರವಾಗಿ ನಾನು ಒತ್ತಲ್ಲ. ನನ್ನ ಅರ್ಜಿ ವಾಪಸ್ ತಗೊಳ್ಳೋದೂ ಇಲ್ಲ. ಸಿಟ್ಟಿದ್ದರೆ ಇರಲಿ, ಕಳಿಸು.