ಹಾಲಿನ ಡೇರಿಯಲ್ಲಿ ಮಾವನ ಬಿಪಿ

ಅಪ್ಪಾ,

ಮದುವೆಯಾಗಿ ಇನ್ನೂ ಇಪ್ಪತ್ತೆರಡು ದಿನ, ಆಗಲೇ ಊರನ್ನೇ ಆಳೋಕೆ ಹೊರಟಿದ್ದೀಯ ಅಂತ ನಿನ್ನ ಅಳಿಯ ನಗುತ್ತಾರೆ. ನಾನೆಷ್ಟು ಖುಷಿಯಾಗಿದ್ದೀನಿ ಅಂತ ಬರೆದರೆ ನೀನು ನಂಬಲ್ಲ.

ಇಲ್ಲಿ ಆಸ್ಪತ್ರೆ ತೆರೆಯುವುದು ಹತ್ತು ಗಂಟೆಗೆ. ಆ ಹೊತ್ತಿಗೆ ರೈತರೆಲ್ಲ ಹೊಲದಲ್ಲಿರುತ್ತಾರೆ, ತಪಾಸಣೆಗೆ ಯಾರೂ ಹೋಗುವುದಿಲ್ಲ. ಅದಕ್ಕೇ ನರ್ಸಕ್ಕನನ್ನು ಕಾಡಿ ಬೇಡಿ ಇವತ್ತು ಬೆಳಿಗ್ಗೆ ಆರಕ್ಕೇ ಹಾಲಿನ ಡೇರಿಗೆ ಕರೆಸಿದೆ. ಹಾಲು ಹಾಕೋಕೆ ಎಲ್ಲರೂ ಬಂದೇ ಬರುತ್ತಾರಲ್ಲ.

ಮಾವ ಒಂದು ಕೈಯಲ್ಲಿ ಕ್ಯಾನ್ ಹಿಡಿದುಕೊಂಡೇ ಇನ್ನೊಂದು ತೋಳು ಚಾಚಿದರು.

"ಮೊದಲು ಐದು ನಿಮಿಷ ಸುಮ್ನೆ ಕೂತ್ಕೊಳ್ಳಿ ಯಜಮಾನ್ರೇ, ಆಮೇಲೆ ಬಿಪಿ ನೋಡೋದು," ಅಂದರು ನರ್ಸಕ್ಕ.

"ಸುಮ್ನೆ ಕೂತ್ರೇನೇ ಕಾಯಿಲೆ ಬರೋದಮ್ಮ. ನಾನು ಗುಂಡುಕಲ್ಲಿನ ಹಾಗಿದ್ದೀನಿ."

"ಹಾಲಿಗೆ ಕಾಯಿಲೆ ಇಲ್ದಿದ್ರೂ ದಿನಕ್ಕೆರಡು ಸಲ ಟೆಸ್ಟ್ ಮಾಡಿಸ್ತೀರಲ್ಲ?"

ಸಾಲಿನಲ್ಲಿದ್ದವರೆಲ್ಲ ನಕ್ಕರು. ಮಾವ ಕೂತರು. ಎರಡೆರಡು ಸಲ ನೋಡಿದರೂ ಮೇಲಿನ ಅಂಕಿ ನೂರ ಎಂಬತ್ತು.

ಬಿಪಿ ಏರಿ ಹೊಲದಲ್ಲೇ ಉಸಿರು ನಿಂತ ನಿನ್ನನ್ನು ಎತ್ತಿಕೊಂಡು ಬರುವ ಹಿಂದಿನ ವಾರ ನೀನೂ 'ನಾನು ಗುಂಡುಕಲ್ಲು' ಅಂತಲೇ ಹೇಳಿದ್ದೆ. ಹಾಸ್ಟೆಲ್ಲಿನಿಂದ ಫೋನ್ ಮಾಡಿದ್ದ ನಾನು ನಕ್ಕು ಬೇರೆ ಮಾತಿಗೆ ಹೋಗಿದ್ದೆ.

ಹತ್ತು ಗಂಟೆಗೆ ಮಾವನನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ ಮಾತ್ರೆ ಬರೆಸಿಕೊಂಡು ಬಂದೆವು. ಮನೆಗೆ ಬಂದವರೇ, "ನಾಳೆಯಿಂದ ಶುರು ಮಾಡ್ತೀನಿ ಬಿಡಮ್ಮ, ಈಗ ಹೊಲಕ್ಕೆ ನೀರು ಬಿಡಬೇಕು" ಅಂತ ಹೊರಟರು.

"ಇವತ್ತೇ ಮಾವ," ಅಂದೆ. ಹೊಸ ಸೊಸೆಯ ಧೈರ್ಯ ನೋಡಿ ಅತ್ತೆ ಬಾಯಿ ಮೇಲೆ ಕೈಯಿಟ್ಟುಕೊಂಡರು. ಮಾತ್ರೆ ಗಂಟಲಿನಲ್ಲಿ ಇಳಿಯುವವರೆಗೂ ನಾನು ನೀರಿನ ಲೋಟ ಹಿಡಿದು ಬಾಗಿಲಿಗೆ ಅಡ್ಡ ನಿಂತಿದ್ದೆ.