ಊಹಿಸಲು ಕಲಿತ ಯಂತ್ರ

ಸುಪ್ರೀತಾ,

ಇವತ್ತು ಸೀತಾಂಗೋಳಿಯಲ್ಲಿ ನಾನೀಗ ಪಾಠ ಮಾಡುವ ಕಾಲೇಜಿನ ಲ್ಯಾಬಿನಲ್ಲಿ ನಿನ್ನ ಯಂತ್ರ ಕೆಲಸ ಮಾಡಿತು.

ಡಿಗ್ರಿಯ ಕೊನೆಯ ವರ್ಷ ಸೆಮಿನಾರಿನಲ್ಲಿ ನೀನು ಹೇಳಿದ್ದೆಯಲ್ಲ, ಮಿದುಳಿನ ಹೊರಪದರ ಕಂಡದ್ದನ್ನು, ಕೇಳಿದ್ದನ್ನು ಸುಮ್ಮನೆ ತುಂಬಿಕೊಳ್ಳುವುದಿಲ್ಲ, ಮುಂದೆ ಬರುವುದನ್ನು ಸದಾ ಊಹಿಸುತ್ತಿರುತ್ತದೆ, ಯಂತ್ರಕ್ಕೂ ಅದನ್ನೇ ಕಲಿಸಬೇಕು ಎಂದು. "ಇದೆಂತ ಮಾರಾಯ್ತಿ, ಜ್ಯೋತಿಷ್ಯ ಹೇಳುವ ಕಂಪ್ಯೂಟರಾ?" ಎಂದರು ಸರ್. ಇಡೀ ಕ್ಲಾಸು ನಕ್ಕಿತು. ನಿನ್ನ ಜೊತೆ ಪ್ರಾಜೆಕ್ಟ್ ಮಾಡುತ್ತಿದ್ದ ನಾನೂ ನಕ್ಕೆ. ನೀನು ನನ್ನ ಮುಖವನ್ನೊಮ್ಮೆ ನೋಡಿ ಕೂತುಕೊಂಡೆ. ಆಮೇಲೆ ನಾವು ಮಾತಾಡಲೇ ಇಲ್ಲ. ಹನ್ನೆರಡು ವರ್ಷವಾಯಿತು.

ನೀನು ಅಂದು ಹೇಳಿದ ಹಾಗೆಯೇ ಒಂದು ಪ್ರೋಗ್ರಾಂ ಬರೆದು, ನನ್ನ ಉಮ್ಮ ಬ್ಯಾರಿ ಭಾಷೆಯಲ್ಲಿ ಹೇಳಿದ ಕಥೆಗಳನ್ನು ತಿಂಗಳುಗಟ್ಟಲೆ ಟೈಪ್ ಮಾಡಿ ಅದಕ್ಕೆ ಕೊಟ್ಟಿದ್ದೆ. ಇವತ್ತು ಅರ್ಧ ವಾಕ್ಯ ಕೊಟ್ಟರೆ ಮುಂದಿನ ಪದವನ್ನು ಅದೇ ಹೇಳಿತು. ಮಕ್ಕಳು ಚಪ್ಪಾಳೆ ತಟ್ಟಿದರು.

"ಇದು ಯಾರ ಐಡಿಯಾ ಟೀಚರ್?" ಎಂದು ರಝಿಯಾ ಎಂಬ ಹುಡುಗಿ ಕೇಳಿದಳು.

ನಿನ್ನ ಹೆಸರು ಬಾಯಿಗೆ ಬಂದಿತ್ತು. ಹೇಳಿದ್ದರೆ, "ಅವರು ಈಗ ಎಲ್ಲಿದ್ದಾರೆ?" ಎಂದು ಕೇಳುತ್ತಿದ್ದಳು. ಎಲ್ಲಿದ್ದೀ ಎಂದು ನಾನು ಯಾರಲ್ಲೂ ವಿಚಾರಿಸಿದವಳಲ್ಲ.

ಮಕ್ಕಳೆಲ್ಲ ಬಸ್ಸಿಗೆ ಹೋದರು. ಖಾಲಿ ಲ್ಯಾಬಿನಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ.

"ಎಲ್ಲೋ ಓದಿದ್ದು" ಎಂದುಬಿಟ್ಟೆ ರಝಿಯಾಳಿಗೆ, ಸುಪ್ರೀತಾ.

ಜಸೀನಾ