ಬೆಳಕೂಟಕ್ಕೆ ಬಾಗಿಲು ಹಾಕಿದ್ದು

ಗದಗ, ಫೆಬ್ರವರಿ ಮೂವತ್ತೊಂದು, ೨೨೯೧

ನಮ್ಮ ವಂಶದ ಹಿರಿಯಜ್ಜಿ, ಹಲ್ಲಿನ ಡಾಕ್ಟರ್ ದಾಕ್ಷಾಯಣಿಯವರಿಗೆ ಇರಾವತಿಯ ನಮಸ್ಕಾರಗಳು.

ತಾರೀಖು ನೋಡಿ ನಗಬೇಡಿ. ನಿಮ್ಮ ಕ್ಯಾಲೆಂಡರಿನಲ್ಲಿ ಇಲ್ಲದ ದಿನ ನಮ್ಮದರಲ್ಲಿದೆ. ಯಾಕೆಂದು ವಿವರಿಸುವ ತಾಳ್ಮೆ ಈಗ ನನಗಿಲ್ಲ. ನನ್ನ ಮಾತು ಅಲ್ಲಲ್ಲಿ ವಿಚಿತ್ರವೆನಿಸಿದರೆ ಕ್ಷಮಿಸಿ. ಕೂತಲ್ಲಿ ಕೂರಲಾಗುತ್ತಿಲ್ಲ. ನಾಲ್ಕು ಸಾಲು ಬರೆಯುವುದು, ಎದ್ದು ಕಿಟಕಿಗೆ ಹೋಗುವುದು, ಹೀಗೇ ನಡೆದಿದೆ.

ನನ್ನ ಗಂಡ ಭರಮಪ್ಪ ಸನಾದಿ ಊದುವವರು. ಹೋದ ವರ್ಷ ಜಾರಿ ಬಿದ್ದು ಮುಂದಿನ ಹಲ್ಲು ಬುಡಸಮೇತ ಹೋಯಿತು. ತುಟಿಗೆ ಆಸರೆಯಿಲ್ಲ, ಊದಿದರೆ ಬರೀ ಗಾಳಿ. ನೀವು ಇಂಪ್ಲಾಂಟ್ ಅನ್ನುವುದನ್ನು ನಾವು ಬೇರುಮೊಳೆ ಅನ್ನುತ್ತೇವೆ. ದವಡೆಯಲ್ಲಿ ಕೂರಿಸಿದ ಮೇಲೆ ಸುತ್ತಲಿನ ಮೂಳೆ ಬೆಳೆದು ಅದನ್ನು ಕಚ್ಚಿಕೊಳ್ಳಬೇಕು. ಎರಡು ಸಲ ಕೂರಿಸಿದರು, ಎರಡು ಸಲವೂ ಸಡಿಲವಾಗಿ ಕೈಗೆ ಬಂತು. ಮೂಳೆ ಸವೆದಿದೆ, ಇದೇ ಕೊನೆಯದು ಎಂದು ಹೇಳಿಯೇ ನಮ್ಮ ಡಾಕ್ಟರು ಮೂರನೆಯದನ್ನು ಕೂರಿಸಿದ್ದಾರೆ.

ಇಷ್ಟಕ್ಕೆಲ್ಲ ಕಾರಣ ಬೆಳಕೂಟ ಅಂತ ನನ್ನ ಅನುಮಾನ. ಅದೇನು ಅಂತೀರಾ? ಗಾಯದ ಮೇಲೆ ಹಿಡಿಯುವ ಸಣ್ಣ ಲೇಸರ್ ನಿಮ್ಮ ಕ್ಲಿನಿಕ್ಕಿಗೆ ಈಗಷ್ಟೇ ಬಂದಿದೆಯಲ್ಲ, ಅದು ನಮ್ಮ ಕಾಲಕ್ಕೆ ಕೆಂಪುಕಡ್ಡಿಯಾಗಿ, ಲಟ್ಟಣಿಗೆಯ ಹಾಗೆ ಮನೆಮನೆಯಲ್ಲೂ ಇದೆ. ಯಾರಿಗಾದರೂ ಬೇರುಮೊಳೆ ಕೂರಿಸಿದರೆಂದರೆ ಬಂಧುಬಳಗವೆಲ್ಲ ತಂತಮ್ಮ ಕಡ್ಡಿ ಹಿಡಿದು ಬರುತ್ತಾರೆ, ಹೋಳಿಗೆ ಬಡಿಸಿದ ಹಾಗೆ ಕೆನ್ನೆಗೆ ಬೆಳಕು ಬಡಿಸುತ್ತಾರೆ. ಸಾಕು ಎಂದರೆ, ಇನ್ನೊಂದು ಚೂರು, ನಮ್ಮ ಕೈಯದ್ದು ಅಂತ ಒತ್ತಾಯ. ಬೇಡ ಎಂದವರಿಗೆ ಸೊಕ್ಕಂತೆ. ಇವರಂತೂ ದಾಕ್ಷಿಣ್ಯದ ಮನುಷ್ಯ, ಬಂದಬಂದವರಿಗೆಲ್ಲ ಕೆನ್ನೆ ಒಡ್ಡಿ ಕೂತರು. ಅಳತೆಯಲ್ಲಿ ಬಿದ್ದರೆ ಮೂಳೆಗೆ ಹುರುಪು, ಮೀರಿದರೆ ಅದೇ ಬೆಳಕು ಮೂಳೆಯನ್ನು ಮಂಕು ಮಾಡುತ್ತದೆ ಎನ್ನುತ್ತಾರೆ ಡಾಕ್ಟರು. ಅದನ್ನೂ ಗಟ್ಟಿಯಾಗಿ ಹೇಳುವುದಿಲ್ಲ ಪುಣ್ಯಾತ್ಮರು, ಇರಬಹುದು ಅನ್ನುತ್ತಾರೆ.

ಆ ಇರಬಹುದು ಅನ್ನುವುದನ್ನೇ ನಂಬಿ ಈ ಸಲ ಬಾಗಿಲು ಹಾಕಿದೆ. ಕಡ್ಡಿ ಹಿಡಿಯುವುದು ಡಾಕ್ಟರು ಮಾತ್ರ ಅಂದೆ. ನಾದಿನಿ ಮುನಿಸಿಕೊಂಡಳು, ಓಣಿಯವರು ಮಾತು ಬಿಟ್ಟರು, ತಡೆದುಕೊಂಡೆ. ಇವತ್ತು ಮಧ್ಯಾಹ್ನ ಅತ್ತೆ ಸಂಗವ್ವ ಬಂದರು. ಊರಿಂದ ಬಿಸಿಲಲ್ಲಿ ಬಂದವರು ಸೆರಗಿನ ತುದಿಗೆ ಕಡ್ಡಿ ಕಟ್ಟಿಕೊಂಡಿದ್ದರು. ಹೆತ್ತವಳ ಕೈಯದೂ ಬೇಡೇನವ್ವಾ ಅಂತ ಕೇಳಿದರು. ಬೇಡ ಅಂದೆ. ಅಯ್ಯೋ, ನನ್ನ ಬಾಯಿಂದ ಅದು ಹೇಗೆ ಬಂತೋ! ಕಣ್ಣೊರೆಸಿಕೊಂಡು, ಒಂದು ತಂಬಿಗೆ ನೀರೂ ಮುಟ್ಟದೆ ಹೊರಟುಹೋದರು. ಆಗಿನಿಂದ ಇವರು ಗೋಡೆಗೆ ಮುಖ ಮಾಡಿ ಮಲಗಿದ್ದಾರೆ.

ನಾಳೆ ಡಾಕ್ಟರು ಮೊಳೆ ತಟ್ಟಿ ನೋಡುತ್ತಾರೆ. ಗಟ್ಟಿಯಾಗಿದ್ದರೆ ದೇವರು ದೊಡ್ಡವನು ಅಂತಾರೆ. ಅಲುಗಾಡಿದರೆ, ತಾಯಿಯ ಬೆಳಕು ತಪ್ಪಿಸಿದವಳು ಅಂತ ಸಾಯುವ ತನಕ ನನಗೆ ಹೆಸರು. ಹೆದರಿಕೆಯಾಗುತ್ತಿದೆ ಅಜ್ಜಿ.

ಈ ಪದ್ಧತಿ ಹುಟ್ಟಿದ್ದೇ ನಿಮ್ಮ ಬಾಯಿಂದಂತೆ. ಬೆಳಕು ಬಿದ್ದಷ್ಟೂ ಒಳ್ಳೆಯದು ಅಂತ ರೋಗಿಯೊಬ್ಬರ ಸಮಾಧಾನಕ್ಕೆ ಹೇಳಿದಿರಂತೆ. ನಮ್ಮ ಮನೆತನದಲ್ಲಿ ಅದನ್ನು ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ. ನೀವಿನ್ನೂ ಆ ಮಾತು ಆಡಿಲ್ಲದಿದ್ದರೆ, ಕಾಲು ಹಿಡಿದು ಕೇಳುತ್ತೇನೆ, ಆಡಬೇಡಿ. ಎಷ್ಟು ಸಾಕು ಎಂಬುದು ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅಂತಲೇ ಹೇಳಿ. ಹಾಗೆ ಹೇಳಿದ್ದರೆ ನಮ್ಮತ್ತೆ ಇವತ್ತು ನಮ್ಮ ಮನೆಯಲ್ಲಿ ಉಂಡು, ಮಗನ ಪಕ್ಕ ಕೂತಿರುತ್ತಿದ್ದರು.

ಇರಾವತಿ